ಮೂವತ್ತೈದರಲ್ಲಿ ಒಂದು ಪಾಲು

ಯಾವ ವಸ್ತುವನ್ನೇ ಆಗಲಿ ಚಿಕ್ಕದು ಮಾಡಿಬಿಟ್ಟರೆ ಅದು ಮುದ್ದಾಗುತ್ತದೆ. ಇದಕ್ಕೆ ನಮ್ಮ ಮನೆಗಳಲ್ಲಿ ಸಾಕ್ಷಿ ಹುಡುಕಬೇಕಾಗಿಲ್ಲ. ಬೆರಳುದ್ದದ ಹಿತ್ತಾಳೆ ಒಲೆ, ಅಂಗೈಯೊಳಗೆ ಅಡಗುವ ಬೀಸುವ ಕಲ್ಲು, ಚನ್ನಪಟ್ಟಣದ ಪುಟ್ಟ ಬಿಂದಿಗೆ. ದೊಡ್ಡ ಬೀಸುವ ಕಲ್ಲಿನ ಮುಂದೆ ಕೂತು ರಟ್ಟೆ ಸೋತವರೂ ಈ ಚಿಕ್ಕದನ್ನು ಕಂಡರೆ ಕೈಗೆತ್ತಿಕೊಂಡು 'ಎಷ್ಟು ಚೆನ್ನಾಗಿದೆ!' ಎನ್ನುತ್ತಾರೆ. ಚಿಕ್ಕದಾಗುವಾಗ ವಸ್ತುವಿನ ಭಾರ ಹೋಗುತ್ತದೆ. ಭಾರದ ಜೊತೆಗೆ ಅದರ ಮುಂದೆ ಪಟ್ಟ ಪಾಡೂ ಮರೆತುಹೋಗುತ್ತದೆ.

ಬೀಸುವ ಕಲ್ಲಿನ ಮಟ್ಟಿಗೆ ಇದು ಸರಿ. ಕೊಲ್ಲುವುದಕ್ಕೆಂದೇ ಹುಟ್ಟಿದ ಯಂತ್ರವನ್ನೂ ಹೀಗೆ ಮುದ್ದು ಮಾಡಬಹುದೆ? ಈ ಪ್ರಶ್ನೆ ಕೆಲವು ತಿಂಗಳಿಂದ ನನ್ನ ಜೊತೆಗಿದೆ. ಕಾರಣ, ನಮ್ಮ ಊಟದ ಮೇಜಿನ ಮೇಲೆ ಒಂದು ಯುದ್ಧದ ಟ್ಯಾಂಕು ತಯಾರಾಗುತ್ತಿತ್ತು.

ಡಿಗ್ರಿಯ ಮೊದಲ ವರ್ಷದಲ್ಲಿರುವ ನನ್ನ ಮಗ ಸೋದರಮಾವ ಕೊಟ್ಟ ದುಡ್ಡಿನಲ್ಲಿ ಅದನ್ನು ತರಿಸಿಕೊಂಡ. ಸೆಂಚುರಿಯನ್ ಟ್ಯಾಂಕಿನ ಮಾದರಿ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷರು ರೂಪಿಸಿದ್ದು. ಮುಂದೆ 1965 ಮತ್ತು 1971ರಲ್ಲಿ ನಮ್ಮ ಸೇನೆಯೂ ಅದನ್ನು ಹೂಡಿ ಹೋರಾಡಿತು. ಪೆಟ್ಟಿಗೆ ತೆರೆದರೆ ಟ್ಯಾಂಕೇನೂ ಇರಲಿಲ್ಲ. ಪ್ಲಾಸ್ಟಿಕ್ಕಿನ ಚೌಕಟ್ಟುಗಳಿದ್ದವು, ನುಗ್ಗೆಯ ಕಡ್ಡಿಗೆ ಎಲೆ ಅಂಟಿಕೊಂಡಂತೆ ಅವುಗಳಿಗೆ ನೂರಾರು ಚೂರುಗಳು ಅಂಟಿಕೊಂಡಿದ್ದವು. ಒಂದೊಂದನ್ನೂ ಕತ್ತರಿಸಿ, ಅರದಿಂದ ಉಜ್ಜಿ, ನಂಬರು ನೋಡಿ ಸೇರಿಸಬೇಕು. ಅದರ ಅಂಟು ನಮ್ಮ ಗೋಂದಿನಂತಲ್ಲ. ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸಿ ಎರಡು ಚೂರುಗಳನ್ನು ಒಂದಾಗಿಸುತ್ತದೆ. ಒಮ್ಮೆ ಕೂಡಿದ ಮೇಲೆ ಬಿಡಿಸುವಂತಿಲ್ಲ.

ಕತ್ತರಿಸಿ ಅಂಟಿಸುವುದು ಅವನ ಪಾಲು, ಬಣ್ಣ ಹಚ್ಚುವುದು ನನ್ನ ಪಾಲು. ಸೀರೆಯ ಅಂಚಿಗೆ ಬಣ್ಣದ ಹೂಬಳ್ಳಿ ಬಿಡಿಸಿ ಪಳಗಿದ ಕೈ ನೋಡಿ, ಹಾಗಾಗಿ ಕರೆ ಬಂತು. ಮೊದಲು ತಳಬಣ್ಣ, ಆಮೇಲೆ ಹಸಿರು. ಅದು ಒಣಗಿದ ಮೇಲೆ ನೀರಿನಂತೆ ತೆಳುವಾದ ಕಪ್ಪು ಕಂದು ಬಣ್ಣ ಸವರಿದರೆ ಅದು ತಾನಾಗಿಯೇ ಸಂದುಗೊಂದುಗಳಿಗೆ ಇಳಿದು ನೆರಳಾಗುತ್ತದೆ. ಕೊನೆಗೆ ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಒಣ ಕುಂಚವನ್ನು ಅಂಚುಗಳ ಮೇಲೆ ಆಡಿಸಿದರೆ ತಿಕ್ಕಿ ಸವೆದ ಕಬ್ಬಿಣದ ಹೊಳಪು ಬರುತ್ತದೆ. ಸುಳ್ಳೇಕೆ ಹೇಳಲಿ, ನನಗೆ ಇದು ಬಹಳ ಹಿಡಿಸಿತು. ಸಾರಿನ ಒಗ್ಗರಣೆಯನ್ನೂ ಬದಿಗಿಟ್ಟು ತುಕ್ಕಿಗೆ ಎಷ್ಟು ಕೆಂಪು ಬೇಕೆಂದು ಯೋಚಿಸಿದ ದಿನಗಳಿವೆ.

ಈ ಮೂವತ್ತೈದರಲ್ಲಿ ಒಂದು ಎಂಬ ಅಳತೆ ಬಂದ ಕಥೆ ಸ್ವಾರಸ್ಯವಾಗಿದೆ. 1961ರಲ್ಲಿ ಜಪಾನಿನ ಟಾಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ತಯಾರಿಸಿತು. ಒಳಗೆ ಪುಟ್ಟ ಮೋಟಾರು, ಬ್ಯಾಟರಿಗಳು ಕೂರಬೇಕಿತ್ತು. ಅವು ಹಿಡಿಸುವಷ್ಟು ದೊಡ್ಡದು ಮಾಡಿ ಆಮೇಲೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಮೂವತ್ತೈದರಲ್ಲಿ ಒಂದು ಪಾಲು ಬಂತು. ಅದೇ ಮುಂದೆ ಜಗತ್ತಿನಲ್ಲೆಲ್ಲ ರೂಢಿಯಾಯಿತು. ಆ ಕಂಪನಿ ಇರುವುದು ಶಿಜುಓಕ ಎಂಬ ಊರಿನಲ್ಲಿ. 1945ರ ಜೂನ್‌ನಲ್ಲಿ ವಿಮಾನಗಳು ಬೆಂಕಿ ಬಾಂಬು ಸುರಿದು ಸುಟ್ಟ ಊರು ಅದು. ಮರದ ವ್ಯಾಪಾರದಿಂದ ಶುರುವಾಗಿ, ಮರದ ಮಾದರಿಗಳಿಗೆ ಬಂದು, ಕೊನೆಗೆ ಪ್ಲಾಸ್ಟಿಕ್ಕಿಗೆ ತಿರುಗಿದವರು ಅವರು. ಯುದ್ಧದಲ್ಲಿ ಬೆಂದ ಊರಿನವರೇ ಹದಿನಾರು ವರ್ಷದ ಮೇಲೆ ಮಕ್ಕಳ ಕೈಗೆ ಟ್ಯಾಂಕು ಕೊಟ್ಟರಲ್ಲ! ಇದು ಮರೆವೇ, ಗೆಲುವೇ, ಅಥವಾ ಹೆದರಿಸಿದ್ದನ್ನು ಅಂಗೈಯಲ್ಲಿ ಹಿಡಿದು ನೋಡುವ ಆಸೆಯೇ? ಹೊರಗಿನ ನಾನು ತೀರ್ಪು ಹೇಳಲಾರೆ.

ಇದರ ಪರವಾಗಿ ವಾದಿಸಿದ ದೊಡ್ಡವರೂ ಇದ್ದಾರೆ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧದಾಟಕ್ಕೆ ನಿಯಮ ಹಾಕಿ 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನೇ ಬರೆದರು. ನೆಲದ ಮೇಲೆ ಆಡಿ ನೋಡಿದವನಿಗೆ ನಿಜ ಯುದ್ಧ ಎಂಥ ಹುಚ್ಚು ಎಂಬುದು ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಆಟ ಯುದ್ಧವನ್ನು ತಡೆಯಲಿಲ್ಲ. ಹಾಗೆಂದು ಆಟವೇ ಯುದ್ಧವನ್ನು ತಂದಿತು ಎನ್ನುವುದೂ ನ್ಯಾಯವಲ್ಲ. ನಮ್ಮ ಚದುರಂಗದಲ್ಲೂ ಆನೆ, ಕುದುರೆ, ಕಾಲಾಳು ಸಾಯುತ್ತಲೇ ಇರುತ್ತವೆ. ಅದನ್ನಾಡಿ ಯಾರೂ ಕಟುಕರಾಗಿಲ್ಲ.

ನನ್ನನ್ನು ಕಾಡಿದ ವಿಚಾರ ಬೇರೆ. ಒಂದು ಸಂಜೆ ಮಗ, "ಅಮ್ಮಾ, ಇಲ್ಲೊಂದು ಗುಂಡು ತೂರಿದ ತೂತು ಮಾಡೋಣ. ಸೂಜಿ ಕಾಯಿಸಿ ಚುಚ್ಚಿದರೆ ಆಯಿತು. ಸುತ್ತ ನೀನು ಮಸಿ ಹಚ್ಚು. ನಿಜದ ಹಾಗೇ ಕಾಣುತ್ತೆ," ಎಂದ. ಮಸಿ ಹಚ್ಚುವುದೇನೋ ಸುಲಭ. ಆದರೆ ಕುಂಚ ಹಿಡಿದ ನನಗೆ, ಆ ತೂತಿನ ಹಿಂದೆ ಯಾರು ಕೂತಿದ್ದರು ಎಂಬ ಯೋಚನೆ ಬಂತು.

ಅದಕ್ಕೆ ಉತ್ತರವೂ ಇತಿಹಾಸದಲ್ಲಿದೆ. 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಇಂಥದೇ ಸೆಂಚುರಿಯನ್ ಟ್ಯಾಂಕಿನಲ್ಲಿದ್ದರು. ವಯಸ್ಸು 21. ಟ್ಯಾಂಕಿಗೆ ಬೆಂಕಿ ಹತ್ತಿದಾಗ ಬಿಟ್ಟು ಬರಲು ಆಜ್ಞೆ ಬಂತು. ತೋಪು ಇನ್ನೂ ಕೆಲಸ ಮಾಡುತ್ತಿದೆಯೆಂದು ಅವರು ಬರಲಿಲ್ಲ. ಮತ್ತೊಂದು ಗುಂಡು ಬಿತ್ತು. ಅವರಿಗೆ ಪರಮವೀರ ಚಕ್ರ ಸಂದಿತು. ಆದರೆ ಸೆಂಚುರಿಯನ್ ನಾಲ್ವರ ಟ್ಯಾಂಕು. ಉಳಿದ ಮೂವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಎದುರಿಗಿದ್ದ ಒಂದೊಂದು ಪ್ಯಾಟನ್ ಟ್ಯಾಂಕಿನಲ್ಲೂ ನಾಲ್ವರೇ. 2001ರಲ್ಲಿ ಅರುಣ್ ಅವರ ವೃದ್ಧ ತಂದೆ ಪಾಕಿಸ್ತಾನಕ್ಕೆ ಹೋದಾಗ, ಲಾಹೋರಿನಲ್ಲಿ ಅವರನ್ನು ಮನೆಯಲ್ಲಿಟ್ಟುಕೊಂಡು ಸತ್ಕರಿಸಿದ ನಿವೃತ್ತ ಬ್ರಿಗೇಡಿಯರ್ ಒಬ್ಬರು, ನಿಮ್ಮ ಮಗ ಸತ್ತದ್ದು ನನ್ನ ಕೈಯಿಂದ ಎಂದು ತಿಳಿಸಿದರಂತೆ. ಆ ತಂದೆ ಅವರೊಂದಿಗೆ ಕೂತಿದ್ದರು. ನಾನಾಗಿದ್ದರೆ ಕೂತಿರುತ್ತಿದ್ದೆನೆ? ತಿಳಿಯದು.

ತೂತು ಬೇಡ ಎಂದೆ. ಮಗ ಒಪ್ಪಲಿಲ್ಲ. "ತೂತಿಲ್ಲದೆ ಫಳಫಳ ಹೊಳೆಯೋದು ಇನ್ನೂ ದೊಡ್ಡ ಸುಳ್ಳಲ್ವಾ?" ಎಂದ. ಮಾತಿನಲ್ಲಿ ಹುರುಳಿತ್ತು.

ಅಷ್ಟರಲ್ಲಿ ನವರಾತ್ರಿ ಬಂತು. ಟ್ಯಾಂಕನ್ನು ಗೊಂಬೆಯ ಮೆಟ್ಟಿಲ ಮೇಲೆ ಇಡಬೇಕೆಂದು ಅವನ ಹಟ. ಅತ್ತೆಯವರು, "ಚಾಮುಂಡಿ ಕೈಯಲ್ಲಿ ಆಯುಧ ಇಲ್ವೇನಮ್ಮ? ಜಂಬೂಸವಾರಿ ಗೊಂಬೇಲಿ ಸಿಪಾಯಿಗಳಿಲ್ವಾ? ಇಡಲಿ ಬಿಡು," ಎಂದುಬಿಟ್ಟರು. ನಾನು ಯೋಚಿಸಿದೆ. ಚಾಮುಂಡಿಯ ಎದುರು ನಿಂತರೆ ಆಯುಧಕ್ಕಿಂತ ಮೊದಲು ಕಾಣುವುದು ಮುಖ. ಹಿಡಿದವಳು ಯಾರು, ಯಾರ ಮೇಲೆ, ಯಾತಕ್ಕೆ ಎಂಬುದು ಮಕ್ಕಳಿಗೂ ಗೊತ್ತು. ಟ್ಯಾಂಕಿಗೆ ಮುಖವಿಲ್ಲ. ಆದರೂ ಇಟ್ಟೆವು, ಕೆಳಗಿನ ಮೆಟ್ಟಿಲಿನಲ್ಲಿ, ಪಾರ್ಕಿನ ಪಕ್ಕದಲ್ಲಿ.

ಅರಿಸಿನ ಕುಂಕುಮಕ್ಕೆ ಬಂದವರಲ್ಲಿ ಹಿಂದಿನ ಬೀದಿಯ ಒಬ್ಬರಿದ್ದರು. ಅವರ ಯಜಮಾನರು ಸೇನೆಯಲ್ಲಿ ಟ್ಯಾಂಕಿನ ಡ್ರೈವರ್ ಆಗಿದ್ದವರು. ಆವಡಿಯಲ್ಲಿ ತಯಾರಾಗುತ್ತಿದ್ದ ವಿಜಯಂತ ಟ್ಯಾಂಕು ಅವರದು. ಎಲ್ಲರೂ 'ಎಷ್ಟು ಮುದ್ದಾಗಿದೆ' ಎಂದರೆ ಈಕೆ ಅದನ್ನು ಎತ್ತಿ, ಮೇಲಿನ ಮುಚ್ಚಳವನ್ನು ಉಗುರಿನಿಂದ ತೆರೆದು ಇಣುಕಿ, "ಒಳಗೇನೂ ಇಲ್ವೇನ್ರೀ?" ಎಂದರು.

ಇರಲಿಲ್ಲ. ಹೊರಗಿನ ಒಂದೊಂದು ಮೊಳೆಯನ್ನೂ ಅಚ್ಚುಕಟ್ಟಾಗಿ ಎರಕ ಹೊಯ್ದಿರುವ ಮಾದರಿಯ ಒಳಗು ಖಾಲಿ. ಆಕೆ ಕೂತು ಹೇಳಿದರು. ಮುಚ್ಚಳ ಹಾಕಿದರೆ ಡ್ರೈವರಿಗೆ ಕಾಣುವುದು ಪೆರಿಸ್ಕೋಪಿನ ಗಾಜಿನೊಳಗಿನ ಒಂದು ತುಂಡು ನೆಲ ಮಾತ್ರ. ರಾಜಸ್ಥಾನದ ಬೇಸಿಗೆಯಲ್ಲಿ ಒಳಗಿನ ಕಬ್ಬಿಣ ಮುಟ್ಟಿದರೆ ಬೊಬ್ಬೆ. ಈಗ ಯಜಮಾನರಿಗೆ ಬಲಗಿವಿ ಕೇಳಿಸದು. ಮಂಡಿ ಮಡಿಸಿ ಪಂಕ್ತಿಯಲ್ಲಿ ಕೂರಲಾರರು. "ಒಂದು ಯುದ್ಧಕ್ಕೂ ಹೋಗಲಿಲ್ಲರೀ. ಬರೀ ತಯಾರಿಗೇ ಇಷ್ಟು," ಎಂದರು. ದೂರಿನ ದನಿಯಲ್ಲ, ಮಳೆ ಬಂತು ಎಂದು ಹೇಳುವ ದನಿ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ಚಿಕ್ಕದು ಮಾಡುವುದೂ ದೂರ ಇಡುವ ಒಂದು ಬಗೆ. ಮೂವತ್ತೈದರಲ್ಲಿ ಒಂದಾದಾಗ ಐವತ್ತು ಟನ್ನಿನ ಯಂತ್ರ ಗೇಣುದ್ದವಾಗುತ್ತದೆ; ಐದೂವರೆ ಅಡಿಯ ಮನುಷ್ಯ ಐದು ಸೆಂಟಿಮೀಟರಿಗೂ ಕಡಿಮೆ, ಅವನ ತಲೆ ತೊಗರಿಕಾಳಿನಷ್ಟು. ಆದರೆ ಸೆಕೆ ಎಷ್ಟಾಗುತ್ತದೆ? ಕಿವಿ ಕಿವುಡಾಗುವ ಸದ್ದು ಎಷ್ಟಾಗುತ್ತದೆ? ಮನೆಯಲ್ಲಿ ಕಾಗದಕ್ಕೆ ಕಾಯುವವಳ ದಿನಗಳು? ಅವುಗಳನ್ನು ಯಾವ ಅಳತೆಯಲ್ಲೂ ಅಚ್ಚು ಹಾಕಲಾಗದು. ಹಾಗೆಂದು ಮಾದರಿ ಮಾಡುವುದೇ ಪಾಪ ಎಂದು ನಾನೀಗ ಅನ್ನಲಾರೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿ ನಿಲ್ಲಿಸಿರುವ ನಿಜವಾದ ಟಿ-55 ಟ್ಯಾಂಕಿನ ಮುಂದೆ ಫೋಟೊ ತೆಗೆಸಿಕೊಂಡು ಐದು ನಿಮಿಷದಲ್ಲಿ ಐಸ್‌ಕ್ರೀಮಿಗೆ ಓಡುವವರಿಗಿಂತ, ಮೂರು ತಿಂಗಳು ಒಂದೊಂದು ಚೂರನ್ನೂ ಉಜ್ಜುತ್ತ ಕೂತವನು ಅದನ್ನು ಹೆಚ್ಚು ಬಲ್ಲ. ಗಮನ ಒಳ್ಳೆಯದೇ. ಅದು ಹೊರಗಿನ ಬಣ್ಣಕ್ಕೇ ನಿಂತುಬಿಟ್ಟರೆ ಮಾತ್ರ ಅದರಲ್ಲಿ ಅಪಾಯವಿದೆ. ಆಗ ನಾವು ಯುದ್ಧವನ್ನಲ್ಲ, ಯುದ್ಧದ ಸೀರೆಯಂಚನ್ನು ಮೆಚ್ಚುತ್ತಿರುತ್ತೇವೆ.

ಕೊನೆಗೆ ತೂತನ್ನು ಮಾಡಲಿಲ್ಲ. ನಾನು ಬೇಡವೆಂದದ್ದಕ್ಕಲ್ಲ, ಮಗನಿಗೇ ಬೇರೆ ಕೆಲಸ ಸಿಕ್ಕಿತು. ಟ್ಯಾಂಕಿನ ತಿರುಗುವ ತಲೆಯನ್ನು ಅವನು ಇನ್ನೂ ಅಂಟಿಸಿಲ್ಲ. ರಟ್ಟು, ತಾಮ್ರದ ತಂತಿ, ಹಲ್ಲುಕಡ್ಡಿ ಇಟ್ಟುಕೊಂಡು ಒಳಗಿನ ನಾಲ್ಕು ಆಸನಗಳನ್ನು ಮಾಡುತ್ತಿದ್ದಾನೆ. ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಡ್ರೈವರಿನ ಮಂಡಿಗೂ ಮುಂದಿನ ಕಬ್ಬಿಣಕ್ಕೂ ನಡುವೆ ಎಷ್ಟು ಬೆರಳು ಜಾಗವಿರುತ್ತದೆ ಎಂದು ಕೇಳಿಕೊಂಡು ಬರಲು ಮೊನ್ನೆ ಹಿಂದಿನ ಬೀದಿಗೆ ಹೋಗಿದ್ದ. ಎಡಗಿವಿಯ ಹತ್ತಿರ ಜೋರಾಗಿ ಕೇಳಬೇಕಾಯಿತಂತೆ.