ದೂರದವರ ಋಣ

1993ರ ಸೆಪ್ಟೆಂಬರ್ 30. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷವಿತ್ತು. ಆಗ ಗುಲ್ಬರ್ಗವೆನಿಸಿದ್ದ ಕಲಬುರಗಿಯ ನಮ್ಮ ಮನೆಯಲ್ಲಿ, ನೆಲುವಿನ ಪಾತ್ರೆಗಳು ತಾವಾಗಿಯೇ ಸದ್ದುಮಾಡಿದವು. ನಾನಿನ್ನೂ ಹುಡುಗ. ಬೆಕ್ಕು ಹೊಕ್ಕಿತೆಂದು ಅವ್ವ ಮಲಗಿದ್ದಲ್ಲಿಂದಲೇ ಗದರಿದಳು. ನಾನು ಮಗ್ಗುಲು ಬದಲಿಸಿ ನಿದ್ದೆಹೋದೆ. ಬೆಳಗಾದ ಮೇಲೆ ಸುದ್ದಿ ಬಂತು. ಗಡಿಯಾಚೆ, ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಿನ ಹಳ್ಳಿಗಳು ನೆಲಸಮವಾಗಿದ್ದವು. ಸತ್ತವರು ಹತ್ತು ಸಾವಿರದ ಸಮೀಪ.

ನಡುಕ ಒಂದೇ. ಅಲ್ಲಿ ಅದು ಸಾವು, ನಮ್ಮಲ್ಲಿ ಬೆಕ್ಕು, ಬಹುದೂರದ ವೀಕ್ಷಣಾಲಯಗಳಲ್ಲಿ ಕಾಗದದ ಮೇಲೊಂದು ಅಂಕುಡೊಂಕು ಗೆರೆ. ಈ ವ್ಯತ್ಯಾಸ ಅಂದಿನಿಂದ ನನ್ನನ್ನು ಕಾಡಿದೆ.

ಆ ಗೆರೆಯನ್ನು ಓದಬಲ್ಲವರು ಹೇಳುವುದನ್ನು ಕೇಳಿ. ಭೂಕಂಪದಿಂದ ಹೊರಡುವ ಅಲೆಗಳು ಒಂದೇ ಬಗೆಯವಲ್ಲ. ಮೊದಲು ಬರುವುದು ನೂಕುವ ಅಲೆ. ಎಂಜಿನ್ನು ತಾಕಿದಾಗ ರೈಲಿನ ಡಬ್ಬಿಗಳು ಒಂದನ್ನೊಂದು ನೂಕುವಂತೆ ಕಲ್ಲು ಕಲ್ಲನ್ನು ನೂಕುತ್ತ, ಭೂಮಿಯ ಹೊರಪದರದಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಅದರ ಹಿಂದೆ, ಝಾಡಿಸಿದ ಹಗ್ಗದಂತೆ ಅಡ್ಡಡ್ಡ ಅಲುಗುವ ಅಲೆ. ಅದರ ವೇಗ ಸುಮಾರು 3.5 ಕಿಲೋಮೀಟರ್. ಕೊನೆಗೆ ನೆಲದ ಮೈಮೇಲೆಯೇ ಹರಿದು ಬರುವ ಅಲೆಗಳು. ಮನೆ ಕೆಡಹುವುದು ಹೆಚ್ಚಾಗಿ ಹಿಂದೆ ಬರುವ ಈ ನಿಧಾನದವುಗಳೇ. ನೂಕುವ ಅಲೆ ಕಲ್ಲು, ನೀರು ಎರಡನ್ನೂ ಹಾಯುತ್ತದೆ; ಅಡ್ಡ ಅಲೆ ದ್ರವದೊಳಗೆ ಸಾಗಲಾರದು.

ಈ ಮೂರು ಬಗೆಗಳನ್ನು ಬೇರ್ಪಡಿಸಿ ಗುರುತಿಸಲು ದಾರಿಯಾದದ್ದು ನಮ್ಮ ದೇಶದ್ದೇ ಒಂದು ದುರಂತ. 1897ರ ಜೂನ್ 12ರಂದು ಅಸ್ಸಾಮಿನ ಭೂಕಂಪದಲ್ಲಿ ಸುಮಾರು 1,500 ಮಂದಿ ಸತ್ತರು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ಆರ್. ಡಿ. ಓಲ್ಡ್‌ಹ್ಯಾಮ್, ಅದು ಯೂರೋಪಿನ ಉಪಕರಣಗಳಲ್ಲಿ ಬಿಟ್ಟಿದ್ದ ಗುರುತುಗಳನ್ನು ಶೋಧಿಸಿದ. 1906ರಲ್ಲಿ, ಅಲೆಗಳ ನಡೆಯಿಂದಲೇ, ಭೂಮಿಯೊಳಗೆ ಬೇರೆಯದೇ ಆದ ಗರ್ಭವೊಂದಿದೆಯೆಂದು ತೋರಿಸಿದ. ಅಡ್ಡ ಅಲೆ ಆ ಗರ್ಭವನ್ನು ಹಾಯ್ದು ಬಾರದೆ ಹೋದದ್ದು, ಸುಮಾರು 2,900 ಕಿಲೋಮೀಟರ್ ಆಳದಲ್ಲಿ ದ್ರವವಿದೆಯೆಂಬುದಕ್ಕೆ ಸಾಕ್ಷಿಯಾಯಿತು.

ಎಷ್ಟು ದೊಡ್ಡ ತಿಳಿವು! ಆದರೆ ಅಸ್ಸಾಮಿನಲ್ಲಿ ತೊಲೆಯ ಕೆಳಗೆ ಸಿಕ್ಕವನಿಗೆ ಅದು ದಕ್ಕಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಸುರಕ್ಷಿತವಾಗಿದ್ದವರಿಗೆ ದಕ್ಕಿತು. ಇದರಲ್ಲಿ ಅನ್ಯಾಯವಿದೆಯೆ?

ತಿಳಿವಿಗೆ ದೂರ ಬೇಕು ಎನ್ನಬಹುದು. ಅದು ನಿಜ. ಪಾಠ ಹೇಳುವಾಗ ನಾನೂ ಹೇಳುತ್ತೇನೆ: ಸ್ವಂತದ ಶೋಕ ಬರಿಯ ನೋವು, ಕೊಂಚ ದೂರ ನಿಂತು ಕಂಡಾಗಲೇ ಅದು ಕರುಣರಸ. ಗೆರೆ ಓದಿದವನೇನೂ ನೆಲವನ್ನು ನಡುಗಿಸಲಿಲ್ಲ. ಅವನಲ್ಲಿ ತಪ್ಪು ಹುಡುಕುವುದು ಸಲ್ಲದು. ಆದರೆ ತಪ್ಪಿಲ್ಲವೆಂದ ಮಾತ್ರಕ್ಕೆ ಋಣವೂ ಇಲ್ಲವೆ? ಇದೆ ಎಂದೇ ನನ್ನ ಎಣಿಕೆ. ನೋವಿನಿಂದ ಬಂದ ತಿಳಿವು ನೋಯುವವರ ಕಡೆಗೆ ಮರಳಬೇಕು.

ಅದು ಮರಳುವುದೂ ಉಂಟು. ಜಪಾನಿನಲ್ಲಿ 2007ರಿಂದ, ಮೊದಲ ಅಲೆಯನ್ನು ಗುರುತಿಸಿ, ಕೆಡಹುವ ಅಲೆ ಬರುವ ಮುನ್ನವೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಡುತ್ತಿದ್ದಾರೆ. ದೊರೆಯುವುದು ಕೆಲವು ಸೆಕೆಂಡು; ಮೇಜಿನಡಿ ನುಸುಳಲು, ಒಲೆ ಆರಿಸಲು ಅಷ್ಟು ಸಾಕು. ಆದರೆ ಕಂಪನದ ಮೂಲ ಕಾಲಡಿಯೇ ಇದ್ದಾಗ ಆ ಸೆಕೆಂಡುಗಳೂ ಸಿಗವು. ಕಿಲ್ಲಾರಿಯ ಜನರನ್ನು ಕೊಂದದ್ದು, ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ಗೋಡೆಯ ಎರಡು ಮೈಗಳನ್ನು ಬಂಧಿಸುವ ಉದ್ದಗಲ್ಲು, ಸುತ್ತ ಒಂದು ಕಾಂಕ್ರೀಟಿನ ಪಟ್ಟಿ, ಹಗುರವಾದ ಸೂರು: ಇವಿದ್ದಿದ್ದರೆ ಎಷ್ಟೋ ಜನ ಬದುಕುತ್ತಿದ್ದರು. ಇದು ತಿಳಿಯದ ವಿದ್ಯೆಯಾಗಿರಲಿಲ್ಲ. ಆ ಹಳ್ಳಿಗಳನ್ನು ಮುಟ್ಟದ ವಿದ್ಯೆಯಾಗಿತ್ತು.

ಭೂಮಿಯ ಗರ್ಭದವರೆಗೆ ಇಳಿದ ನಮ್ಮ ತಿಳಿವು ಬಡವನ ಗೋಡೆಯವರೆಗೆ ನಡೆಯಲಿಲ್ಲ. ಆ ರಾತ್ರಿ ನಾನು ಮಗ್ಗುಲು ಬದಲಿಸಿದ್ದು ತಿಳಿಯದೆ. ತಿಳಿದ ಮೇಲೂ ಮಗ್ಗುಲು ಬದಲಿಸಿ ಮಲಗಿದರೆ, ಅದಕ್ಕೆ ಬೆಕ್ಕಿನ ನೆಪ ಸಾಲದು.