ಹಕ್ಕಿ ನೋಡುವ ಹಕ್ಕು

"ಕೂಳಿಗೆ ಗತಿಯಿಲ್ಲದೋರು ಹಕ್ಕಿ ನೋಡ್ಕೊಂಡು ಕೂತ್ರೆ ಹೋರಾಟ ಮಾಡೋರು ಯಾರಪ್ಪಾ?" ಅಂತ ಗೆಳೆಯರೊಬ್ಬರು ನಮ್ಮನ್ನು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಹಕ್ಕಿ, ಹೂವು, ಸಂಜೆ ಮೋಡ ಅಂತ ಹೊಟ್ಟೆ ತುಂಬಿದವರು ಬೇಕಾದಷ್ಟು ಬರೆದಿದ್ದಾರೆ. ನಮ್ಮ ಕೇರಿಯ ಬಚ್ಚಲ ನೀರು ಅವರ ಪದ್ಯದೊಳಗೆ ಹರಿಯಲಿಲ್ಲ. ಹಾಗಂತ ಹಕ್ಕಿಯನ್ನೂ ಅವರ ಹೆಸರಿಗೇ ಪಟ್ಟಾ ಮಾಡಿಕೊಡಬೇಕೆ? ಇದಕ್ಕೆ ಉತ್ತರ ಹುಡುಕುತ್ತಾ ನಮ್ಮ ತಲೆ ಬಲು ದೂರದ ಒಂದು ತೊರೆಯ ಹತ್ತಿರ ಹೋಯಿತು.

ನ್ಯೂಯಾರ್ಕ್ ನಗರದ ನಡುಮಧ್ಯೆ ಸೆಂಟ್ರಲ್ ಪಾರ್ಕ್ ಇದೆ. ಅದರೊಳಗೆ ರ‍್ಯಾಂಬಲ್ ಎಂಬ ಕಾಡಿನಂಥ ಜಾಗ. ಅಲ್ಲಿ ಗಿಲ್ ಎಂಬ ತೊರೆ. ತೊರೆಯೂ ಮನುಷ್ಯರೇ ಮಾಡಿದ್ದು, ಹರಿಯುವುದು ಪೈಪಿನ ನೀರು. ಹಕ್ಕಿಗೇನು ಗೊತ್ತು? ಬೆಚ್ಚಗಿನ ನಾಡುಗಳಲ್ಲಿ ಚಳಿಗಾಲ ಕಳೆದು ಉತ್ತರಕ್ಕೆ ಮರಳುವ ವಾರ್ಬ್ಲರ್ ಎಂಬ ಹಿಡಿಯಷ್ಟು ಹಕ್ಕಿಗಳು ಏಪ್ರಿಲ್-ಮೇ ತಿಂಗಳಲ್ಲಿ ರಾತ್ರಿಯೆಲ್ಲ ಹಾರಿ, ದಣಿದು, ಕಾಂಕ್ರೀಟಿನ ನಡುವೆ ಹಸಿರು ಕಂಡಲ್ಲಿ ಇಳಿಯುತ್ತವೆ. ನೀರು ಕುಡಿಯುತ್ತವೆ, ಮೀಯುತ್ತವೆ, ಹುಳ ಹೆಕ್ಕುತ್ತವೆ. ಅವನ್ನು ನೋಡಲು ಜನ ಬೆಳಗಾಗುವ ಹೊತ್ತಿಗೇ ದುರ್ಬೀನು ಹಿಡಿದು ಬಂದಿರುತ್ತಾರೆ.

2020ರ ಮೇ 25ರಂದು ಹಾಗೆ ಬಂದವರಲ್ಲಿ ಕ್ರಿಶ್ಚಿಯನ್ ಕೂಪರ್ ಒಬ್ಬರು. ಕಪ್ಪು ಮನುಷ್ಯ. ರ‍್ಯಾಂಬಲ್‌ನಲ್ಲಿ ನಾಯಿಗೆ ಹಗ್ಗ ಕಟ್ಟಿರಬೇಕೆಂಬುದು ಕಾನೂನು. ಬಿಟ್ಟ ನಾಯಿ ಪೊದೆಗೆ ನುಗ್ಗಿದರೆ ನೆಲದ ಹಕ್ಕಿಗಳಿಗೆ ಉಳಿಗಾಲವಿಲ್ಲ. ಒಬ್ಬ ಬಿಳಿಯ ಹೆಂಗಸಿಗೆ, ನಾಯಿಗೆ ಹಗ್ಗ ಹಾಕಿ ಅಂದರು. ಮಾತಿಗೆ ಮಾತು ಬೆಳೆಯಿತು. ಆಕೆ ಪೊಲೀಸರಿಗೆ ಫೋನು ಮಾಡಿ, ಒಬ್ಬ ಆಫ್ರಿಕನ್ ಅಮೆರಿಕನ್ ಗಂಡಸು ತನ್ನನ್ನು ಬೆದರಿಸುತ್ತಿದ್ದಾನೆಂದು ಕೂಗಿದಳು. ಕೂಪರ್ ಅದನ್ನೆಲ್ಲ ಫೋನಿನಲ್ಲಿ ಚಿತ್ರ ಹಿಡಿದಿದ್ದರು, ಬದುಕಿದರು. ಅದೇ ದಿನ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಕತ್ತಿನ ಮೇಲೆ ಪೊಲೀಸನ ಮಂಡಿ ಇತ್ತು. ಒಂದು ಫೋನು ಕರೆ ಕಪ್ಪು ಮನುಷ್ಯನನ್ನು ಎಲ್ಲಿಗೆ ಮುಟ್ಟಿಸಬಹುದು ಅನ್ನೋದು ಆಕೆಗೆ ಗೊತ್ತಿಲ್ಲದೆ ಇರಲಿಲ್ಲ ಅಂತಲೇ ನಮ್ಮ ಎಣಿಕೆ. 'ಆಫ್ರಿಕನ್ ಅಮೆರಿಕನ್' ಅಂತ ಒತ್ತಿ ಹೇಳಿದ್ದು ಮತ್ಯಾಕೆ?

ಆ ಪಾರ್ಕಿನ ನೆಲದ ಕತೆಯೂ ಇಂಥದ್ದೇ. 1825ರಿಂದ ಅಲ್ಲಿ ಕಪ್ಪು ಜನ ನೆಲ ಕೊಂಡು, ಸೆನೆಕಾ ವಿಲೇಜ್ ಎಂಬ ಊರು ಕಟ್ಟಿ, ಚರ್ಚು ಶಾಲೆ ಮಾಡಿಕೊಂಡಿದ್ದರು. ಕಪ್ಪು ಗಂಡಸಿಗೆ 250 ಡಾಲರಿನ ಆಸ್ತಿ ಇದ್ದರೆ ಮಾತ್ರ ಮತ ಹಾಕುವ ಹಕ್ಕಿದ್ದ ಕಾಲ ಅದು. 1857ರಲ್ಲಿ ಪಾರ್ಕಿಗಾಗಿ ಆ ಊರನ್ನು ಎಬ್ಬಿಸಿದರು.

ಸುಮ್ಮನೆ ನಿಂತು ನೋಡುವುದು ಬಲು ಸುಲಭ ಅಂತ ನಿಂತ ಜಾಗದಲ್ಲಿ ಯಾರೂ ತಡೆಯದವರಿಗೆ ಅನ್ನಿಸುತ್ತದೆ. ನಾವು ಚಿಕ್ಕವರಿದ್ದಾಗ ತೋಟದ ಕಾಲುವೆ ಬದಿ ನಿಂತು ಮಿಂಚುಳ್ಳಿ ನೋಡ್ತಿದ್ವಿ. ನೀಲಿ ಬೆಂಕಿಯ ಹಾಗೆ ಬಿದ್ದು ಮೀನು ಕಚ್ಚಿಕೊಂಡು ಏಳುತ್ತಿತ್ತು. "ಏನ್ಲಾ, ಕಾಯಿ ಕದಿಯಾಕ್ ನಿಂತಿದ್ದೀಯಾ?" ಅಂತ ಹಿಂದಿನಿಂದ ದನಿ. ಹಕ್ಕಿ ನೋಡ್ತಿದ್ದೀನಿ ಧಣಿ ಅಂದ್ರೆ ನಗು, ಆಮೇಲೆ ಬಾರುಕೋಲು. ಕೆಲಸ ಮಾಡುತ್ತಿದ್ದರೆ ನಮ್ಮ ಮೈ ಅವರಿಗೆ ಕಾಣುತ್ತದೆ, ಒಪ್ಪಿಗೆಯಾಗುತ್ತದೆ. ಕೆಲಸವಿಲ್ಲದೆ ನಿಂತರೆ ಅದೇ ಮೈ ಕಳ್ಳನದು. ಕೂಪರ್ ಕೈಯಲ್ಲಿ ದುರ್ಬೀನಿತ್ತು, ಹಾರ್ವರ್ಡಿನ ಪದವಿ ಬೆನ್ನಿಗಿತ್ತು. ಆದರೂ ಆಕೆಗೆ ಕಂಡದ್ದು ಬಣ್ಣ.

ಆಮೇಲೆ ಆಕೆಯ ಮೇಲೆ ಸುಳ್ಳು ದೂರಿನ ಮೊಕದ್ದಮೆ ಬಿತ್ತು. ಅಷ್ಟರಲ್ಲಿ ಆಕೆಯ ಕೆಲಸವೂ ಹೋಗಿತ್ತು. ಕೂಪರ್ ಮೊಕದ್ದಮೆಗೆ ನೆರವು ಕೊಡಲೊಲ್ಲೆ ಅಂದರು. 2021ರಲ್ಲಿ ಅದು ವಜಾ ಆಯಿತು. ಇದನ್ನು ಓದಿ ನಮಗೆ ಮೊದಲು ಸಿಟ್ಟು ಬಂತು. ಕ್ಷಮಿಸೋ ಕೂಲಿಯೂ ನಮ್ಮ ಪಾಲಿಗೇ ಯಾಕೆ? ನಮ್ಮೂರುಗಳಲ್ಲಿ ಅಟ್ರಾಸಿಟಿ ಕೇಸು ಹಾಕಿದ ಮಾರನೇ ದಿನವೇ "ರಾಜಿ ಮಾಡ್ಕೊಳ್ರಪ್ಪಾ, ಒಂದೂರಲ್ಲಿ ಬದುಕಬೇಕಾದೋರು" ಅಂತ ಅರಳಿಕಟ್ಟೆ ಮೇಲಿಂದ ಬುದ್ಧಿಮಾತು ಬರುತ್ತದೆ. ಯೋಚಿಸಿದರೆ ಎರಡೂ ಒಂದಲ್ಲ. ಕೂಪರ್ ಅವರಿಗೆ ನಾಳೆ ಆಕೆಯ ಹೊಲಕ್ಕೆ ಕೂಲಿಗೆ ಹೋಗಬೇಕಾಗಿರಲಿಲ್ಲ. ನಿಜ ಏನೆಂದು ಲೋಕವೆಲ್ಲ ನೋಡಿಯಾಗಿತ್ತು. ಬೇಡ ಅನ್ನುವ ಶಕ್ತಿ ಕೈಯಲ್ಲಿದ್ದಾಗ ಕೈಬಿಟ್ಟದ್ದನ್ನು ಕ್ಷಮೆ ಅನ್ನಬಹುದು. ಅರಳಿಕಟ್ಟೆಯ ರಾಜಿಗೆ ಆ ಹೆಸರು ಕೊಡಲು ನಾವು ತಯಾರಿಲ್ಲ.

ಹೆಸರು ಅಂದಾಗ ಇನ್ನೊಂದು ನೆನಪಾಯಿತು. ಅಮೆರಿಕದ ಪಕ್ಷಿಶಾಸ್ತ್ರ ಸಂಘ 2023ರಲ್ಲಿ, ಮನುಷ್ಯರ ಹೆಸರು ಹೊತ್ತ ಹಕ್ಕಿಗಳಿಗೆ ಬೇರೆ ಇಂಗ್ಲಿಷ್ ಹೆಸರು ಕೊಡುವುದಾಗಿ ಹೇಳಿತು. ಗುಲಾಮರನ್ನು ಇಟ್ಟುಕೊಂಡಿದ್ದವರ ಹೆಸರನ್ನು ಹಕ್ಕಿ ಯಾಕೆ ಹೊರಬೇಕು ಎಂಬ ಮಾತು ಅದರ ಹಿಂದಿತ್ತು. ನಮ್ಮ ಆಕಾಶವನ್ನೂ ನೋಡಿ. ಇಂಗ್ಲಿಷ್ ಪುಸ್ತಕಗಳಲ್ಲಿ ನಮ್ಮ ಗರುಡನಿಗೆ 'ಬ್ರಾಹ್ಮಿಣಿ ಕೈಟ್' ಅಂತ ಹೆಸರು. ದಿನಾ ಕಾಣುವ ಹದ್ದಿಗೆ ಬಹುಕಾಲ 'ಪರಿಯಾ ಕೈಟ್' ಅಂತಿದ್ದರು, ತಮಿಳು ಸೀಮೆಯ ಪರೈಯರ್ ಜನರ ಹೆಸರನ್ನೇ ಬೈಗುಳ ಮಾಡಿಕೊಂಡು. ಗರುಡ ಕಂಡರೆ ಕೈಮುಗಿಯುತ್ತಾರೆ, ಹದ್ದು ಕಂಡರೆ ಥೂ ಅನ್ನುತ್ತಾರೆ. ತಿನ್ನುವುದರಲ್ಲಿ ಅಂಥ ಭೇದವೇನಿಲ್ಲ. ಗರುಡನೂ ಕೆರೆ, ಕಡಲ ಬದಿಯಲ್ಲಿ ಸತ್ತ ಮೀನು ಹೆಕ್ಕುವ ಗಿರಾಕಿಯೇ. ತಮಾಷೆ ಕೇಳಿ: ನಮ್ಮ ಸೀಮೆಯ ಹದ್ದಿಗೆ ವಿಜ್ಞಾನಿಗಳು ಇಟ್ಟ ಹೆಸರಿನ ಬಾಲದಲ್ಲಿ 'ಗೋವಿಂದ' ಇದ್ದಾನೆ. ವಾಹನ ಬ್ರಾಹ್ಮಣ, ಸ್ವಾಮಿ ಪರೆಯ!

ಗೆಳೆಯರ ಪ್ರಶ್ನೆಗೆ ನಾವು ಹೇಳಿದ್ದು ಇಷ್ಟು: ಹಕ್ಕಿ ನೋಡೋದನ್ನು ನಾವು ಹೊಸದಾಗಿ ಕಲಿಯಬೇಕಾಗಿಲ್ಲ. ನಮ್ಮ ತಾತ ಸತ್ತ ದನದ ಚರ್ಮ ಸುಲಿಯುತ್ತಿದ್ದ. ರಣಹದ್ದುಗಳು ಸುತ್ತುವ ರೀತಿ ನೋಡಿ, ಯಾವ ಊರ ಹೊರಗೆ ದನ ಬಿದ್ದಿದೆ, ಎಷ್ಟು ಹೊತ್ತಾಗಿದೆ ಅಂತ ಹೇಳುತ್ತಿದ್ದ. ಅದನ್ನು ಯಾರೂ ಶಾಸ್ತ್ರ ಅನ್ನಲಿಲ್ಲ, ಮೈಲಿಗೆ ಅಂದರು. ಆಮೇಲೆ ದನಕ್ಕೆ ಕೊಡುವ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಹೆಣದಿಂದ ರಣಹದ್ದಿನ ಹೊಟ್ಟೆ ಸೇರಿ ಅವುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಸರ್ಕಾರ ಅದನ್ನು ದನಗಳಿಗೆ ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ನಮ್ಮೂರ ಆಕಾಶ ಖಾಲಿಯಾಗಿತ್ತು. ಚರ್ಮದ ಕೆಲಸ ಬಿಟ್ಟ ಮೇಲೂ ತಾತ ಮಧ್ಯಾಹ್ನದ ಹೊತ್ತು ಗುಡಿಸಲ ಮುಂದೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಮೇಲೆ ನೋಡ್ತಿದ್ದ.