ಸಿಟ್ಟಿಗೆ ಕಚ್ಚುವ ಮೀನು

ಸೂರಗೊಂಡನಕೊಪ್ಪದಲ್ಲಿ ಚಿಕ್ಕವನಿದ್ದಾಗ, ಮಳೆಗಾಲದಲ್ಲಿ ಮಾವನ ಜೊತೆ ಕೆರೆಗೆ ಗಾಳ ಹಿಡ್ಕೊಂಡು ಹೋಗ್ತಿದ್ದೆ. ನೀರ ಮೇಲೆ ಕೆಂಪನೆಯ ಮರಿಗಳ ಗುಂಪು ಕಂಡರೆ ಮಾವ ಅದರ ನಡುವೆಯೇ ಗಾಳ ಬಿಡೋರು. ಕೆಳಗೆ ಕಾವಲಿದ್ದ ಕೊರವ ಮೀನು ನುಗ್ಗಿ ಬಂದು ಕಚ್ಚೋದು. "ಹಸಿವಿಗಲ್ಲಲೇ, ಸಿಟ್ಟಿಗೆ ಕಚ್ಚುತ್ತೆ" ಅಂತ ನಗೋರು. ನಾನೂ ನಗ್ತಿದ್ದೆ.

ಮೊನ್ನೆ ಕರಾವಳಿಯ ಪುಟ್ಟ ಮೀನೊಂದರ ಬಗ್ಗೆ ಓದುವಾಗ ಇದು ನೆನಪಾಯ್ತು. ಸ್ಯೂಡೆಟ್ರೋಪ್ಲಸ್ ಮ್ಯಾಕ್ಯುಲೇಟಸ್ ಅಂತ ಹೆಸರು, ಕರಿಮೀನಿನ ಸಣ್ಣ ಸಂಬಂಧಿ. ಉದ್ದ ಸುಮಾರು 8 ಸೆಂ.ಮೀ. ಸಿಹಿನೀರು-ಉಪ್ಪುನೀರು ಬೆರೆಯುವ ಅಳಿವೆ, ಹಿನ್ನೀರುಗಳಲ್ಲಿ ಇದರ ಸಂಸಾರ. ಗಂಡು ಹೆಣ್ಣು ಎರಡೂ ಸೇರಿ ಜಾಗ ಸ್ವಚ್ಛ ಮಾಡಿ ಮೊಟ್ಟೆ ಅಂಟಿಸ್ತವೆ, ಉಸಿರಾಡಲಿ ಅಂತ ರೆಕ್ಕೆಯಿಂದ ನೀರು ಬೀಸ್ತವೆ. ಮರಿಗಳನ್ನ ತಾವೇ ತೋಡಿದ ಗುಳಿಯಲ್ಲಿಟ್ಟು ಕಾಯ್ತವೆ. ಮರಿಗಳು ಅಪ್ಪ-ಅಮ್ಮನ ಮೈಮೇಲಿನ ಲೋಳೆಯನ್ನೂ ತಿಂದು ಬೆಳೀತವೆ.

"ಅದು ಪ್ರೀತಿ ಅಲ್ಲ ಮಾರಾಯ, ಬರೀ ಪ್ರೋಗ್ರಾಂ" ಅಂದ ಆಫೀಸಿನ ಗೆಳೆಯ. ಇರಬಹುದು. ಆದ್ರೆ ರಾತ್ರಿ ಮಗಳು ಕೆಮ್ಮಿದರೆ ನಿದ್ದೆಗಣ್ಣಲ್ಲೇ ಎದ್ದು ಕೂರ್ತೀನಲ್ಲ, ಅದೂ ನಾನು ಯೋಚಿಸಿ ಮಾಡೋದಲ್ಲ.

ಮೀನು ತಿನ್ನೋದನ್ನ ನಾನೇನೂ ಬಿಟ್ಟಿಲ್ಲ. ಆದರೆ ಹುಳ ತೋರಿಸಿ ಹಿಡಿಯೋದಕ್ಕೂ ಮರಿ ತೋರಿಸಿ ಹಿಡಿಯೋದಕ್ಕೂ ವ್ಯತ್ಯಾಸ ಇದೆ ಅನ್ಸುತ್ತೆ. ಮೊದಲನೆಯದರಲ್ಲಿ ಮೀನು ಸಾಯೋದು ತನ್ನ ಹಸಿವಿಗೆ, ಎರಡನೆಯದರಲ್ಲಿ ತನ್ನ ಹೊಣೆಗೆ. ಆ ಹೊಣೆ ಮೀನಿಗೆ ಗೊತ್ತೋ ಇಲ್ಲವೋ, ಗಾಳ ಬಿಟ್ಟ ನಮಗಂತೂ ಗೊತ್ತಿತ್ತು.

ಮನೆಗೆ ತರ್ತಿದ್ದದ್ದು ಒಂದೋ ಎರಡೋ ಮೀನು. ಕಾವಲು ತಪ್ಪಿದ ಮರಿಗಳನ್ನ ನಾವು ಯಾವತ್ತೂ ಎಣಿಸಲಿಲ್ಲ.